ಮಾತಿನ ಬಾಲ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಕೇಳುವುದೇ ನನ್ನ ಕೆಲಸ ಅನ್ನುತ್ತೇನೆ. ತಮಾಷೆಗಲ್ಲ. ಸೈನ್ಯಕ್ಕೆ ಹೊಸ ವೈರ್‌ಲೆಸ್ ಸೆಟ್ಟು ಕೊಳ್ಳುವ ಮೊದಲು, ಅದರಲ್ಲಿ ಮಾತು ನೆಟ್ಟಗೆ ಕೇಳಿಸುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವ ಕಚೇರಿಯೊಂದಿದೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಕಿವಿ ಸವೆಸಿದ್ದೇನೆ. ಎದುರಿಗಿದ್ದಾಗ ಎಲ್ಲರೂ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಕಿವಿಯಮ್ಮ. ಬೆನ್ನ ಹಿಂದೆ ಆಡಿದ್ದು ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಪರೀಕ್ಷೆ ನೋಡಲು ಸಣ್ಣದು. ಅಕ್ಕಪಕ್ಕ ಎರಡು ಕೋಣೆ. ಒಂದರಲ್ಲಿ ನಮ್ಮ ಮೇಷ್ಟ್ರು ಸೆಟ್ಟು ಹಿಡಿದು ಕೂತು ಪಟ್ಟಿಯಲ್ಲಿರುವ ಐವತ್ತು ವಾಕ್ಯ ಓದುತ್ತಾರೆ. ಅವರು ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅಕ್ಷರ ಒಂದೊಂದನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಉಚ್ಚರಿಸುತ್ತಾರೆ. ಅವರ ಸುತ್ತ ಬಿರುಗಾಳಿಯ ಸದ್ದು, ಲಾರಿ ಇಂಜಿನ್ನಿನ ಸದ್ದು ಎಲ್ಲ ಜೋರಾಗಿ ಹಾಕಿರುತ್ತೇವೆ. ಇನ್ನೊಂದು ಕೋಣೆಯಲ್ಲಿ ಐದು ಜನ ಹೆಡ್‌ಫೋನ್ ಹಾಕಿಕೊಂಡು, ಕೇಳಿಸಿದ್ದನ್ನು ಬರೆಯುತ್ತಾರೆ. ನನ್ನ ಕೋಣೆಯಲ್ಲಿ ನಿಯಮ ಒಂದೇ: ಕೇಳಿಸದಿದ್ದರೆ ಆ ಗೆರೆ ಖಾಲಿ ಬಿಡಬೇಕು. ಊಹೆ ಮಾಡಿ ಬರೆದವರನ್ನು ಅವತ್ತೇ ಎಬ್ಬಿಸಿ ಮನೆಗೆ ಕಳಿಸಿದ್ದೇನೆ. ಒಬ್ಬಳು ಅತ್ತಳು ಕೂಡ, ನಾನು ಸೊಪ್ಪು ಹಾಕಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಮುಂದೆ ಎರಡು ಸೆಟ್ಟಿದ್ದವು. ಒಂದು, ಈಗ ಬಳಕೆಯಲ್ಲಿರುವ ಹಳೆಯದು, ಕೆಲವು ತಿದ್ದುಪಡಿಗಳೊಂದಿಗೆ. ಕಬ್ಬಿಣದ ಟ್ರಂಕಿನಷ್ಟು ಭಾರ, ಮಾತಿಗಿಂತ ಹೆಚ್ಚು ಕೊರಕೊರ ಸದ್ದು. ಇನ್ನೊಂದು, ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರದ ಹೊಸ ಸೆಟ್ಟು. ಅದರಲ್ಲಿ ಗಾಳಿ ಇಲ್ಲ, ಕೊರಕೊರ ಇಲ್ಲ. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಐವತ್ತಕ್ಕೆ ಐವತ್ತು. ಮತ್ತೆ ಮಾಡಿದರೂ ಐವತ್ತಕ್ಕೆ ಐವತ್ತು. ಇಪ್ಪತ್ತಾರು ವರ್ಷದಲ್ಲಿ ನಲವತ್ತೆರಡು ದಾಟಿದ ಸೆಟ್ಟನ್ನು ನಾನು ಕಂಡಿರಲಿಲ್ಲ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಖುಷಿಗೆ ಇನ್ನೊಂದು ಕಾರಣವೂ ಇತ್ತು. ಹೊಸ ಸೆಟ್ಟುಗಳಲ್ಲಿ ಹನ್ನೆರಡನ್ನು ಪರೀಕ್ಷೆಗೆಂದು ಗಡಿಯ ಎತ್ತರದ ಠಾಣೆಗಳಿಗೆ ಕಳಿಸಿದ್ದರು. ಅಂಥದೊಂದು ಠಾಣೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವವಳು ನನ್ನ ಮಗಳು. ಮನೆಯಲ್ಲಿ ನಾವು ಅವಳನ್ನು ಪುಟ್ಟಿ ಎಂದೇ ಕರೆಯುವುದು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಪ್ರತಿ ಠಾಣೆಯೂ ಕೆಳಗಿನ ಕಂಟ್ರೋಲ್ ರೂಮಿಗೆ ವರದಿ ಹೇಳಬೇಕು. ಅದರ ರೆಕಾರ್ಡಿಂಗ್ ಮಧ್ಯಾಹ್ನದ ಹೊತ್ತಿಗೆ ಅಂಕ ಹಾಕಲು ನನ್ನ ಟೇಬಲ್ಲಿಗೆ ಬರುತ್ತಿತ್ತು. ಚಳಿಗಾಲ ಪೂರ್ತಿ ಅವಳಿಗೆ ಫೋನಿಲ್ಲ, ಕಾಗದವಿಲ್ಲ; ನನಗೆ ಮಾತ್ರ ದಿನಾ ಅವಳ ದನಿ ಕಚೇರಿಯ ಖರ್ಚಿನಲ್ಲಿ ಮನೆಬಾಗಿಲಿಗೆ ಬರುತ್ತಿತ್ತು. "ನಾಲ್ಕೂ ಜನ ಇದ್ದೀವಿ. ಊಟ ಇದೆ. ನೀರು ಇದೆ. ಎಣ್ಣೆ ಇದೆ. ಒಲೆ ಉರೀತಿದೆ. ಎಲ್ಲಾ ಸರಿ." ಇಷ್ಟೇ ವರದಿ. ನಾನು ಅದನ್ನು ಎರಡೆರಡು ಸಲ ಹಾಕಿ ಕೇಳುತ್ತಿದ್ದೆ.

ಪುಟ್ಟಿಗೆ ಚಿಕ್ಕಂದಿನಿಂದಲೂ ಒಂದು ಕೆಟ್ಟ ಚಾಳಿ, ಮಾತಿನ ಬಾಲ ನುಂಗುವುದು. "ಅಮ್ಮಾ, ಹೊಟ್ಟೆ ಹಸಿ..." ಅನ್ನುವಳು. "ಹಸಿದಿದೆಯೋ, ಹಸಿದಿಲ್ಲವೋ, ಪೂರ್ತಿ ಹೇಳೇ" ಎಂದು ನಾನು ಸೌಟು ಹಿಡಿದು ಕೂಗುವೆ. "ಗೊತ್ತಾಗಲ್ವಾ ಅಷ್ಟೂ..." ಎಂದು ಅದನ್ನೂ ಅರ್ಧಕ್ಕೇ ಬಿಡುವಳು. ವೈರ್‌ಲೆಸ್ಸಿಗೆ ಸೇರುತ್ತೇನೆ ಎಂದಾಗ ಹೊಟ್ಟೆ ಹಿಡಿದು ನಕ್ಕಿದ್ದೆ. ನಿನ್ನ ಅರ್ಧ ಮಾತು ನಂಬಿ ಯಾರಾದರೂ ಗುಂಡು ಹಾರಿಸಿಯಾರು ಎಂದಿದ್ದೆ. ಈಗ ನೋಡಿದರೆ ರೆಕಾರ್ಡಿಂಗಿನಲ್ಲಿ ಎಷ್ಟು ಅಚ್ಚುಕಟ್ಟು! ಪ್ರತಿ ವಾಕ್ಯವೂ ಬಾಲದವರೆಗೆ ಪೂರ್ತಿ. ಮಿಲಿಟರಿ ನನ್ನ ಮಗಳ ನಾಲಿಗೆ ತಿದ್ದಿತು ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ಮೆರೆದೆ.

ಹೊಸ ಸೆಟ್ಟಿನ ಕೊನೆಯ ಪರೀಕ್ಷೆಯ ದಿನ ಮೇಷ್ಟ್ರಿಗೆ ಕೆಮ್ಮು. ಪಟ್ಟಿಯ ಮೂವತ್ತೊಂದನೆಯ ವಾಕ್ಯ ಓದುವಾಗ ಕೆಮ್ಮು ಒತ್ತರಿಸಿಕೊಂಡು ಬಂತು. ಸೆಟ್ಟಿನ ಬಟನ್ ಒತ್ತಿ ಹಿಡಿದುಕೊಂಡೇ ಬಾಯಿಗೆ ಟವೆಲ್ ಅಡ್ಡ ಇಟ್ಟುಕೊಂಡರು. ಗಾಜಿನ ಈಚೆಯಿಂದ ನಾನು ನೋಡುತ್ತಲೇ ಇದ್ದೆ. ಆ ವಾಕ್ಯ ಹಾಳಾಯಿತು, ಗೆರೆ ಖಾಲಿ ಇರುತ್ತದೆ, ಮತ್ತೆ ಓದಿಸಿದರಾಯಿತು ಎಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಹಾಳೆಗಳನ್ನು ತೆಗೆದುಕೊಂಡೆ. ಐದಕ್ಕೆ ಐದೂ ಹಾಳೆಯಲ್ಲಿ ಮೂವತ್ತೊಂದನೆಯ ಗೆರೆ ತುಂಬಿತ್ತು. "ಡಬ್ಬಿಯಲ್ಲಿ ಸಕ್ಕರೆ ಇದೆ."

"ಊಹೆ ಮಾಡಿ ಬರೆದಿದ್ದು ಯಾರು?" ಎಂದು ಜೋರು ಮಾಡಿದೆ.

"ಊಹೆ ಯಾಕೆ ಮೇಡಂ, ಚೆನ್ನಾಗಿ ಕೇಳಿಸ್ತಲ್ಲ" ಎಂದರು ಐವರೂ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳು ಹೇಳುವ ಮುಖಗಳಲ್ಲ ಅವು.

ಮೇಷ್ಟ್ರನ್ನು ಕರೆಸಿದೆ. ಅವರು ಪಟ್ಟಿ ತೋರಿಸಿದರು. ಅದರಲ್ಲಿದ್ದದ್ದು "ಡಬ್ಬಿಯಲ್ಲಿ ಸಕ್ಕರೆ ಇಲ್ಲ."

"ನಾನು 'ಡಬ್ಬಿಯಲ್ಲಿ ಸಕ್ಕರೆ ಇ' ಅಂತ ಅಂದಿದ್ದೆ ಅಷ್ಟೇ ತಾಯೀ. ಆಮೇಲೆ ಕೆಮ್ಮು ಬಂತು. ಬರೀ ಕೆಮ್ಮು."

ಅದರ ಟೇಪು ಹಾಕಿಸಿದೆ. ಮೇಷ್ಟ್ರ ದನಿಯೇ, ಅವರದೇ ಗತ್ತು. ಡಬ್ಬಿಯಲ್ಲಿ ಸಕ್ಕರೆ ಇದೆ. ಕೆಮ್ಮಿನ ಸುಳಿವೇ ಇಲ್ಲ. ಮೇಷ್ಟ್ರು ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತ, ತಾವು ಆಡದ ಮಾತನ್ನು ತಮ್ಮ ದನಿಯಲ್ಲಿ ಕೇಳಿ, ಕುರ್ಚಿ ಹಿಡಿದುಕೊಂಡು ಕೂತುಬಿಟ್ಟರು.

ನಮ್ಮ ಭಾಷೆಯಲ್ಲಿ ಹೌದು, ಅಲ್ಲ ಎಲ್ಲ ಇರುವುದು ಮಾತಿನ ಬಾಲದಲ್ಲಿ. ಇದೆಗೂ ಇಲ್ಲಕ್ಕೂ ತಲೆ ಒಂದೇ, 'ಇ'. ಮುಂದಿನದು ಕೇಳಿಸುವವರೆಗೆ ಡಬ್ಬಿಯಲ್ಲಿ ಸಕ್ಕರೆ ಇರುವುದೂ ಇಲ್ಲದಿರುವುದೂ ಒಂದೇ. ಆ ಸೆಟ್ಟು ಮಾಡಿದವರು ಯಾವ ಊರಿನವರೋ, ಯಾವ ಮಾತಿನವರೋ. ಗಾಳಿ ತಿಂದ ಚೂರನ್ನು ಸಾಮಾನ್ಯವಾಗಿ ಜನ ಏನನ್ನುತ್ತಾರೋ ಅದರಿಂದ ತುಂಬಿಸು ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದರು. ಜನ ಸಾಮಾನ್ಯವಾಗಿ ಇದೆ ಅನ್ನುತ್ತಾರೆ. ನನ್ನ ಕೋಣೆಯ ನಿಯಮ ಆ ಪೆಟ್ಟಿಗೆಗೆ ಯಾರೂ ಹೇಳಿರಲಿಲ್ಲ.

ಆಗ ಪುಟ್ಟಿ ನೆನಪಾದಳು.

ನನ್ನ ಟೇಬಲ್ಲಿಗೆ ಬಂದು ಅವಳ ರೆಕಾರ್ಡಿಂಗುಗಳನ್ನೆಲ್ಲ ತೆಗೆದೆ, ಒಟ್ಟು ಹದಿನಾಲ್ಕು ದಿನದವು. ಎರಡು ರೆಕಾರ್ಡಿಂಗನ್ನು ಒಟ್ಟಿಗೆ ಹಾಕಿ ಕೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಮನುಷ್ಯರು ಒಂದೇ ಮಾತನ್ನು ಎರಡು ಸಲ ಒಂದೇ ಥರ ಹೇಳುವುದಿಲ್ಲ. ಒಂದು ದಿನ ಎಳೆಯುತ್ತಾರೆ, ಒಂದು ದಿನ ಕತ್ತರಿಸುತ್ತಾರೆ. ಒಟ್ಟಿಗೆ ಹಾಕಿದರೆ ಇಬ್ಬರು ಮಾತಾಡಿದ ಹಾಗೆ ಗಲಿಬಿಲಿ ಕೇಳಿಸಬೇಕು. ಮೊದಲ ದಿನದ್ದನ್ನೂ ಐದನೆಯ ದಿನದ್ದನ್ನೂ ಸೇರಿಸಿ ಹಾಕಿದೆ. ಊಟ, ನೀರು, ಎಣ್ಣೆ ಎನ್ನುವಲ್ಲೆಲ್ಲ ಗಲಿಬಿಲಿ. ಆದರೆ 'ಇದೆ' ಬಂದಾಗಲೆಲ್ಲ ಎರಡೂ ದನಿ ಒಂದರಲ್ಲೊಂದು ಕೂತು ಒಂದೇ ಆಗುತ್ತಿತ್ತು. ಅಂದರೆ ತಲೆ ಪುಟ್ಟಿಯದು, ಬಾಲ ಸೆಟ್ಟಿನದು. ನನ್ನ ಮಗಳ ನಾಲಿಗೆಯನ್ನು ಮಿಲಿಟರಿ ತಿದ್ದಿರಲೇ ಇಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಹತ್ತನೆಯ ದಿನದ್ದನ್ನೂ ಹನ್ನೊಂದನೆಯ ದಿನದ್ದನ್ನೂ ಸೇರಿಸಿದೆ. ಗಲಿಬಿಲಿ ಬರಲೇ ಇಲ್ಲ. "ನಾಲ್ಕೂ ಜನ ಇದ್ದೀವಿ" ಎಂಬಲ್ಲಿಂದ "ಎಲ್ಲಾ ಸರಿ" ಎಂಬಲ್ಲಿಯವರೆಗೆ ಒಬ್ಬಳೇ ಹುಡುಗಿ, ಸ್ವಲ್ಪ ಜೋರಾಗಿ. ಹನ್ನೆರಡು, ಹದಿಮೂರು, ಹದಿನಾಲ್ಕು, ಐದನ್ನೂ ಒಂದರ ಮೇಲೊಂದು ಹಾಕಿದೆ. ನಡುವೆ ಅವಳು ಉಸಿರೆಳೆದುಕೊಳ್ಳುವ ಸದ್ದು ಕೂಡ ಐದೂ ದಿನ ಒಂದೇ ಜಾಗದಲ್ಲಿ. ಹತ್ತನೆಯ ದಿನದಿಂದ ಆ ವರದಿಯಲ್ಲಿ ನನ್ನ ಮಗಳು ಆಡಿದ ಒಂದಕ್ಷರವೂ ಇರಲಿಲ್ಲ.

ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. "ಅಯ್ಯೋ, ಇವತ್ತು ಬೆಳಿಗ್ಗೆ ಕೂಡ ಮಾತಾಡಿದ್ರಲ್ಲ ಮೇಡಂ, ಆರಾಮಾಗಿದಾರೆ. ಒಳ್ಳೇದು, ಮುಂದುವರಿಸಿ ಅಂದೆ" ಎಂದ ಅಲ್ಲಿಯ ಆಪರೇಟರ್. ಖರೀದಿ ಸಮಿತಿಯ ಅಧ್ಯಕ್ಷರಿಗೆ ಮಾಡಿದೆ. ಜನರಲ್ ಆಗಿ ನಿವೃತ್ತರಾದ ತಾಳ್ಮೆಯ ಮನುಷ್ಯ. ನಾಳೆ ಬೆಳಿಗ್ಗೆ ಹೇಗೂ ಸಭೆ ಇದೆ, ಅಲ್ಲೇ ಹೇಳಿ ಎಂದರು. ಆ ರಾತ್ರಿ ಹೇಗೆ ಕಳೆಯಿತು ಎಂದು ಬರೆಯುವುದಿಲ್ಲ.

ಸಭೆಯಲ್ಲಿ ಅಧ್ಯಕ್ಷರ ಎಡಕ್ಕೆ ಖರೀದಿ ಅಧಿಕಾರಿ, ಬಲಕ್ಕೆ ಸೈನ್ಯದ ಪರವಾಗಿ ಬಂದ ಮೇಜರ್, ಎದುರಿಗೆ ಹೊಸ ಸೆಟ್ಟಿನ ಕಂಪನಿಯವನು. ನನ್ನ ಸಹಿಗಾಗಿ ವರದಿ ಟೈಪಾಗಿ ಸಿದ್ಧವಾಗಿತ್ತು. ನಾನು ಕೆಮ್ಮಿನ ವಿಷಯ, ಪುಟ್ಟಿಯ ಐದು ದಿನದ ವಿಷಯ ಹೇಳಿ, ಎರಡರ ಟೇಪೂ ಕೇಳಿಸಿದೆ.

"ಅದು ದೋಷ ಅಲ್ಲ ಮೇಡಂ, ಅದೇ ಅದರ ವಿಶೇಷ" ಎಂದ ಕಂಪನಿಯವನು. ಬಾಯಿ ತುಂಬ ನಗು. "ಮೊದಲ ಗಂಟೆಯಲ್ಲೇ ಸೆಟ್ಟು ಆಪರೇಟರ್ ದನಿ ಕಲೀತದೆ. ಆಮೇಲೆ ಗಾಳಿಗೆ ಮಾತು ಹರಿದರೂ ಅದೇ ದನಿಯಲ್ಲಿ ಕೂಡಿಸ್ತದೆ. ಶತ್ರು ಸೆಟ್ಟು ಕದ್ದು ಮಾತಾಡಿದರೂ ಪ್ರಯೋಜನ ಇಲ್ಲ. ಬೇರೆ ದನಿಯನ್ನ ಅದು ಗದ್ದಲ ಅಂತ ತೆಗೆದುಹಾಕ್ತದೆ."

"ತೆಗೆದ ಜಾಗದಲ್ಲಿ ಏನು ಹಾಕ್ತದೆ?"

ಅವನ ನಗು ಅಲ್ಲೇ ನಿಂತಿತು. "ಅದು... ಆ ಹೊತ್ತಿಗೆ ಆಪರೇಟರ್ ಸಾಮಾನ್ಯವಾಗಿ ಏನು ಹೇಳ್ತಾರೋ ಅದನ್ನ."

ಮೇಜರ್ ಮೂಗು ಮುರಿದರು. "ಮೇಡಂ, ಹಳೇ ಸೆಟ್ಟನ್ನ ನಾನು ಬೆನ್ನ ಮೇಲೆ ಹೊತ್ತಿದೀನಿ. ಸೇತುವೆ ದಾಟಬೇಡಿ ಅಂತ ನಾನೇ ಹೇಳಿದೆ. ಆ ಕೊರಕೊರದಲ್ಲಿ 'ಬೇಡಿ' ಹೋಯ್ತು, 'ದಾಟ' ಅಷ್ಟೇ ಉಳೀತು. ನನ್ನ ಇಬ್ಬರು ಹುಡುಗರು ದಾಟಿದರು. ಅವರ ಮನೆಗೆ ನಾನೇ ಹೋಗಿ ಹೇಳಿದೆ. ಹಳೇದೇ ಇರಲಿ ಅನ್ನೋದು ನಿಮಗೆ ಸುಲಭ."

ಅವರ ಮಾತು ಸುಳ್ಳಲ್ಲ. ಹಳೆಯದರ ಪರವಾಗಿ ನಾನು ವಕಾಲತ್ತು ಹಾಕಲು ಬಂದಿರಲಿಲ್ಲ. "ಹಳೇದು ಕೇಳಿಸದಿದ್ದರೆ ಕೇಳಿಸ್ಲಿಲ್ಲ ಅಂತ ಗೊತ್ತಾಗ್ತಿತ್ತು ಮೇಜರ್. ಇನ್ನೊಂದು ಸಲ ಹೇಳಿ ಅಂತ ಕೇಳಬಹುದಿತ್ತು."

"ಕೇಳೋಕೆ ಪುರುಸೊತ್ತು ಇದ್ದಿದ್ರೆ."

"ಈ ವರ್ಷ ಕೊಳ್ಳದಿದ್ದರೆ ಮುಂದಿನ ವರ್ಷ ಕಡತ ಮತ್ತೆ ಮೊದಲಿಂದ" ಎಂದರು ಖರೀದಿ ಅಧಿಕಾರಿ. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅಮ್ಮಾ, ತಪ್ಪು ತಿಳೀಬೇಡಿ. ಆ ಠಾಣೆಯಲ್ಲಿ ಇರೋದು ನಿಮ್ಮ ಮಗಳು. ಈಗ ನೀವು ಹೇಳ್ತಿರೋದು ಕಿವಿಯ ಮಾತಾ, ಕರುಳಿನ ಮಾತಾ?"

ನನಗೆ ಪಿತ್ತ ನೆತ್ತಿಗೇರಿತು. "ಕರುಳಿಗೆ ಏನು ಗೊತ್ತು ಸ್ವಾಮಿ? ಹದಿನಾಲ್ಕು ದಿನ ನನ್ನ ಕರುಳು ಅದನ್ನ ಕೇಳಿ ಕುಣೀತಾ ಇತ್ತು. ಇದು ಕಿವಿ ಹೇಳ್ತಿರೋದು. ಒಂದು ಹೆಲಿಕಾಪ್ಟರ್ ಕಳಿಸಿ ನೋಡಿ ಅಷ್ಟೇ."

ಅಧ್ಯಕ್ಷರು ಹಣೆ ಉಜ್ಜಿಕೊಂಡರು. ಆ ಭಾಗದಲ್ಲಿ ಗಾಳಿ ಕೆಟ್ಟದಾಗಿತ್ತು. ಎಲ್ಲ ಸರಿ ಎಂದು ದಿನಾ ಹೇಳುತ್ತಿರುವ ಠಾಣೆಗೆ, ಒಂದು ಟೇಪಿನ ಮೇಲೆ, ಹಾರಾಟಕ್ಕೆ ಜನ ಕಳಿಸಿ ಅಪಾಯಕ್ಕೊಡ್ಡುವುದು ಹೇಗೆ? ಹಳೆಯ ಸೆಟ್ಟಿನಲ್ಲಿ ಕೇಳೋಣವೆಂದರೆ, ಹೊಸದು ಹೋದ ಹೆಲಿಕಾಪ್ಟರಿನಲ್ಲೇ ಅದನ್ನು ಭಾರ ಎಂದು ಕೆಳಗಿಳಿಸಿದ್ದರು. ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. "ಹನ್ನೊಂದಕ್ಕೆ ವರದಿ ಬರತ್ತಲ್ಲ. ನೀವೇ ಹೋಗಿ ಮಾತಾಡಿ. ಏನಾದರೂ ಒಂದು ಆಧಾರ ಕೊಡಿ, ಆ ಕ್ಷಣ ಕಳಿಸೋ ಹಾಗೆ ಮಾಡ್ತೀನಿ" ಎಂದರು.

ಮೇಜರ್, ಕಂಪನಿಯವನು, ನಾನು ಕಾರಿನಲ್ಲಿ ಕಂಟ್ರೋಲ್ ರೂಮಿಗೆ ಹೊರಟೆವು. ದಾರಿಯಲ್ಲಿ ಕಂಪನಿಯವನು ತಾನಾಗೇ ಹೇಳಿದ, "ತುಂಬಿಸೋ ಕೆಲಸ ಕಳಿಸೋ ಕಡೆ ಸೆಟ್ಟಲ್ಲೇ ನಡೆಯೋದು. ನಮ್ಮ ಕಡೆಯದನ್ನ ನಾನು ಆಫ್ ಮಾಡಬಲ್ಲೆ. ನೀವು ಹೇಳಿದ್ದು ಹೇಳಿದ ಹಾಗೇ ಹೋಗತ್ತೆ. ಆ ಕಡೆಯದನ್ನ ಆಫ್ ಮಾಡೋಕೆ ಅಲ್ಲಿಗೇ ಹೋಗಬೇಕು." ಅವನಿಗೂ ಮನೆಯಲ್ಲಿ ಮಕ್ಕಳಿರಬೇಕು. ಮುಖ ಬಿಳಿಚಿಕೊಂಡಿತ್ತು.

ಕಂಟ್ರೋಲ್ ರೂಮೆಂದರೆ ಕಿಟಕಿಯಿಲ್ಲದ ಒಂದು ಕೋಣೆ, ಟ್ಯೂಬ್‌ಲೈಟು, ಗೋಡೆಗೊರಗಿಸಿದ ಪೆಟ್ಟಿಗೆಗಳ ಸಾಲು. ಆಪರೇಟರ್ ಎದ್ದು ನನಗೆ ಕುರ್ಚಿ ಕೊಟ್ಟ. ಕಂಪನಿಯವನು ನಮ್ಮ ಕಡೆಯ ಸೆಟ್ಟು ಮಾತು ತುಂಬಿಸದ ಹಾಗೆ ಆಫ್ ಮಾಡಿದ. ಪ್ರತಿ ಪೆಟ್ಟಿಗೆಯ ಮೇಲೂ ಒಂದೊಂದು ಹಸಿರು ದೀಪ. ಆ ಕಡೆಯವರು ಬಟನ್ ಒತ್ತಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ದೀಪವನ್ನು ನಾನು ನೋಡುತ್ತ ಕೂತೆ. ಮಾತನ್ನು ಯಂತ್ರ ಕೂಡಿಸಬಹುದು. ಬಟನ್ ಒತ್ತಲು ಒಂದು ಬೆರಳು ಬೇಕೇ ಬೇಕಲ್ಲ.

ಸರಿಯಾಗಿ ಹನ್ನೊಂದಕ್ಕೆ ದೀಪ ಹತ್ತಿತು. ಸ್ಪೀಕರಿನಲ್ಲಿ ಪುಟ್ಟಿ. "ನಾಲ್ಕೂ ಜನ ಇದ್ದೀವಿ. ಊಟ ಇದೆ. ನೀರು ಇದೆ. ಎಣ್ಣೆ ಇದೆ. ಒಲೆ ಉರೀತಿದೆ. ಎಲ್ಲಾ ಸರಿ." ಅಷ್ಟು ಬೆಚ್ಚಗಿನ ದನಿ. ಮೇಜರ್ ನನ್ನ ಕಡೆ ತಿರುಗಿ, ನೋಡಿದಿರಾ ಎನ್ನುವ ಹಾಗೆ ಹುಬ್ಬೇರಿಸಿದರು. ನಾನು ದೀಪ ತೋರಿಸಿದೆ. ವರದಿ ಮುಗಿದು ಮೌನವಾದ ಮೇಲೂ ಅದು ಉರಿಯುತ್ತಲೇ ಇತ್ತು. ಮತ್ತೆ ಅದೇ ವರದಿ ಮೊದಲಿನಿಂದ ಶುರುವಾಯಿತು. ಅಲ್ಲಿ ಯಾರೋ ಬಟನ್ ಬಿಡದೆ ಮಾತಾಡುತ್ತಲೇ ಇದ್ದರು.

ದೀಪ ಆರಿದ ಕೂಡಲೇ ನಾನು ಮೈಕು ಹಿಡಿದೆ. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳಿದೆ. "ಕೇಳಿ. ಮಾತು ಬೇಡ. ಬಟನ್ ಮಾತ್ರ. ಹೌದು ಅಂದ್ರೆ ಒಂದು ಸಲ. ಇಲ್ಲ ಅಂದ್ರೆ ಎರಡು ಸಲ. ಗೊತ್ತಾಯ್ತಾ?"

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೀಪ ಒಂದು ಸಲ ಹತ್ತಿ ಆರಿತು. "ನಾಲ್ಕೂ ಜನ ಇದ್ದೀವಿ" ಎಂದಿತು ಸ್ಪೀಕರ್. ಬಟನ್ ಬಿಟ್ಟರೂ ಅದು ವಾಕ್ಯ ಮುಗಿಸಿಯೇ ನಿಲ್ಲುತ್ತಿತ್ತು.

"ಎಣ್ಣೆ ಇದೆಯಾ?"

ದೀಪ ಎರಡು ಸಲ. "ಎಣ್ಣೆ ಇದೆ" ಎಂದಳು ಪುಟ್ಟಿ.

"ನೀರು?"

ಎರಡು ಸಲ. "ನೀರು ಇದೆ."

ಆಪರೇಟರ್ ಗೋಡೆಗೆ ಒರಗಿಬಿಟ್ಟ. ಐದು ದಿನ ಇದಕ್ಕೆ ಒಳ್ಳೇದು, ಮುಂದುವರಿಸಿ ಎಂದು ಉತ್ತರ ಕೊಟ್ಟವನು ಅವನೇ.

"ಹಿಮ ಜಾರಿತಾ?"

ಒಂದು ಸಲ. "ಒಲೆ ಉರೀತಿದೆ."

"ಎಷ್ಟು ಜನ ಇದ್ದೀರಿ? ಅಷ್ಟು ಸಲ ಒತ್ತಿ."

ದೀಪ ಹತ್ತಿತು. ಆರಿತು. ನಾವು ನಾಲ್ವರೂ ಆ ಪೆಟ್ಟಿಗೆಯ ಮೇಲೆ ಕಣ್ಣು ನೆಟ್ಟೆವು. ಹತ್ತೀತು, ಈಗ ಹತ್ತೀತು. ಮೇಜರ್ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದರು, ಎಣಿಸಲು ಏನೂ ಇರಲಿಲ್ಲ. ದೀಪ ಮತ್ತೆ ಹತ್ತಲಿಲ್ಲ. "ನಾಲ್ಕೂ ಜನ ಇದ್ದೀವಿ" ಎಂಬ ಮಾತೂ ಮುಗಿಯಿತು.

ಮೇಜರ್ ಫೋನಿಗೆ ಓಡಿದರು. ಅಧ್ಯಕ್ಷರು ಮಾತಿಗೆ ತಪ್ಪುವವರಲ್ಲ; ಎರಡು ನಿಮಿಷದಲ್ಲಿ ಅಪ್ಪಣೆ ಸಿಕ್ಕಿತು. ಐವತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ತಲುಪುತ್ತದೆ, ಅಷ್ಟರವರೆಗೆ ಅಲ್ಲಿರುವವರು ನಿದ್ದೆಗೆ ಜಾರದ ಹಾಗೆ ಮಾತಾಡಿಸುತ್ತಿರಿ, ಚಳಿಯಲ್ಲಿ ನಿದ್ದೆ ಹೋದರೆ ಏಳುವುದಿಲ್ಲ ಎಂದರು ಮೇಜರ್. ನಾನು ತಲೆಯಾಡಿಸಿದೆ.

ಒಂದು ಪ್ರಶ್ನೆ ನಾನು ಇನ್ನೂ ಕೇಳಿರಲಿಲ್ಲ. ಬೇಕೆಂದೇ ಕೇಳಿರಲಿಲ್ಲ. ಕೇಳದಿರುವವರೆಗೆ ಉಳಿದಿದ್ದ ಆ ಒಬ್ಬರು ಪುಟ್ಟಿಯಾಗಿರಬಹುದಿತ್ತು. ಸೆಟ್ಟಿನ ಹತ್ತಿರ ಕೂರುವವಳು ಅವಳೇ ತಾನೇ. ಚಳಿಗೆ ದನಿ ಬಿದ್ದುಹೋಗಿ ಅವಳ ದನಿಯೇ ಸೆಟ್ಟಿಗೆ ಗುರುತು ಸಿಗದಿರಬಹುದಲ್ಲ. ಒಂದು ಉಸಿರಿನಲ್ಲಿ ಇಷ್ಟೆಲ್ಲ ಕಟ್ಟಿಕೊಂಡೆ. ಉಳಿದ ಮೂವರಿಗೂ ತಾಯಂದಿರು ಇದ್ದಾರೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

"ಪುಟ್ಟೀ" ಎಂದೆ. "ನೀನೇನಾ ಮಗಳೇ?"

ದೀಪ ಹತ್ತಿತು. ಒಂದು. ನನ್ನ ಜೀವಮಾನದಲ್ಲಿ ಅಷ್ಟು ಚಂದದ ದೀಪ ನೋಡಿರಲಿಲ್ಲ. ಸಾಕು, ಇನ್ನು ಸಾಕು, ಒತ್ತಬೇಡ ಎಂದು ಮೇಜಿನ ಅಂಚು ಹಿಡಿದುಕೊಂಡೆ. ಅಲ್ಲಿ ಯಾರೋ ತುಂಬ ಹೊತ್ತು ಯೋಚಿಸಿದರು.

ಮತ್ತೆ ಹತ್ತಿತು. ಎರಡು.

"ಎಲ್ಲಾ ಸರಿ" ಎಂದಳು ಪುಟ್ಟಿ.

ಹತ್ತನೆಯ ದಿನ ನಾನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಅವತ್ತು ಹೊಸ ಪರದೆ ಬಟ್ಟೆ ತಂದಿದ್ದೆ. ಅವಳ ಕೋಣೆಗೆ.

ಆದರೆ ಅಲ್ಲಿ ಬೆರಳೊಂದಿತ್ತು. ಆ ಬೆರಳಿಗೆ ನಾನು ಏನಾದರೂ ಹೇಳಬೇಕಿತ್ತು.

"ಸರಿ" ಎಂದೆ. ದನಿ ನಡುಗದಂತೆ ನೋಡಿಕೊಂಡೆ. ನಡುಗಿದರೆ ಆ ಗಾಳಿಯಲ್ಲಿ ಮಾತು ಅರ್ಥವಾಗುವುದಿಲ್ಲ. "ಅಡುಗೆಯಣ್ಣನಾ ನೀವು?"

ಒಂದು ಸಲ.

ಠಾಣೆಯ ಅಡುಗೆಯವರು. ಬೆಟ್ಟ ಹತ್ತುವ ಮೊದಲು ಪುಟ್ಟಿ ಕೊನೆಯ ಫೋನಿನಲ್ಲಿ ಅವರ ಬಗ್ಗೆಯೇ ಹೇಳಿದ್ದಳು. "ನಮ್ಮ ಅಡುಗೆಯಣ್ಣ ಇದಾರಲ್ಲ ಅಮ್ಮಾ, ಸೆಟ್ಟು ಕಂಡ್ರೆ ಹಾವು ಕಂಡ ಹಾಗೆ ದೂರ ಸರೀತಾ..." ಎಂದು ಬಾಲ ನುಂಗಿ ನಕ್ಕಿದ್ದಳು. ಆ ಮನುಷ್ಯ ಐದು ದಿನ, ದಿನಾ ಹನ್ನೊಂದಕ್ಕೆ, ಅವಳನ್ನು ನೋಡಿ ಕಲಿತಿದ್ದ ಹಾಗೆ ಬಟನ್ ಒತ್ತಿ, ಮೂವರು ಹೋದರು, ಎಣ್ಣೆ ಮುಗಿಯಿತು, ಬನ್ನಿ ಎಂದು ಹೇಳಿದ್ದರು. ಪ್ರತಿ ದಿನವೂ ಇಲ್ಲಿಂದ ಅವರಿಗೆ ಒಳ್ಳೇದು ಎಂಬ ಉತ್ತರ ಹೋಗಿತ್ತು. ಆರನೆಯ ದಿನವೂ ಒತ್ತಿದರಲ್ಲ, ಯಾವ ನಂಬಿಕೆಯ ಮೇಲೆ ಒತ್ತಿದರೋ.

"ಅಣ್ಣಾ, ಹೆಲಿಕಾಪ್ಟರ್ ಹೊರಟಿದೆ. ಬರತ್ತೆ. ಬರತ್ತೆ. ಕೇಳಿಸ್ತಾ?"

ಒಂದು ಸಲ. "ಊಟ ಇದೆ."

"ನಿದ್ದೆ ಮಾಡಬೇಡಿ. ಕೂತ್ಕೊಳ್ಳಿ. ಕೂತಿದೀರಾ?"

ಒಂದು ಸಲ. "ನೀರು ಇದೆ."

ಹೀಗೇ ಹತ್ತು ನಿಮಿಷ ನಡೆಯಿತು. ನಿಮಗೆ ಮಕ್ಕಳೆಷ್ಟು ಎಂದು ಕೇಳಿದೆ. ಮೂರು ಸಲ ಒತ್ತಿದರು. ಕಾಲು ಅಲ್ಲಾಡಿಸಿ ಎಂದೆ. ಮಾಡಿದರೆ ಒತ್ತಿ ಎಂದೆ. ಒಂದೊಂದು ಸಲ ಉತ್ತರ ತಡವಾಗುತ್ತಿತ್ತು, ಆಗ ಗದರುತ್ತಿದ್ದೆ. ಮನೆಯಲ್ಲಿ ಗದರುವ ಹಾಗೆಯೇ ಗದರಿದೆ. ಪ್ರತಿ ಸಲವೂ ಮೊದಲು ದೀಪ, ಹಿಂದೆಯೇ ನನ್ನ ಮಗಳ ದನಿ. ಸ್ಪಷ್ಟ, ಬೆಚ್ಚಗೆ, ಬಾಲದವರೆಗೆ ಪೂರ್ತಿ.

ಮೇಜರ್ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಅವರ ಕಣ್ಣು ಕೆಂಪಾಗಿತ್ತು. ಸ್ಪೀಕರಿನ ಗುಂಡಿಯ ಮೇಲೆ ಕೈಯಿಟ್ಟು, ತುಂಬ ಮೆಲ್ಲಗೆ, "ಅಮ್ಮಾ, ಇದನ್ನ ಆಫ್ ಮಾಡ್ಲಾ? ದೀಪ ನೋಡಿದ್ರೆ ಸಾಕಲ್ಲ" ಎಂದರು.

ಸಾಕು ಎಂದು ನನಗೆ ಗೊತ್ತಿತ್ತು. ಆ ದನಿ ಯಾರದೂ ಅಲ್ಲ ಎಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ.

"ಬೇಡ" ಎಂದೆ. "ಇರಲಿ ಬಿಡಿ."

ಅವರು ಕೈ ತೆಗೆದರು. ನಾನು ಮೈಕು ಹತ್ತಿರ ತಂದುಕೊಂಡೆ. "ಅಣ್ಣಾ, ಎಚ್ಚರ ಇದೀರಾ?"

ದೀಪ ಹತ್ತಿತು, ಆರಿತು. ಒಲೆ ಉರೀತಿದೆ ಎಂದಳು ನನ್ನ ಮಗಳು.